ಸ್ಪರ್ಶವನದ ಏಳನೇ ಮರ

ಪಟ್ಟಣ ಸೌಂದರ್ಯೀಕರಣದ ವಿಶೇಷಾಧಿಕಾರಿಗಳಿಗೆ

ಮಾನ್ಯರೇ,

ನಿಮ್ಮ ಕಲಾಕೃತಿ ನನ್ನ ಮಗಳ ಎಡಗಣ್ಣು ಮುಚ್ಚಿಸಿ ಇವತ್ತಿಗೆ ಹನ್ನೆರಡು ದಿನ. ಬಲಗಣ್ಣು ನಾಲ್ಕನೇ ದಿನ ತೆರೆಯಿತು. ಶೇಕಡಾ ಐವತ್ತರ ಈ ಪ್ರಗತಿಯನ್ನು ನಿಮ್ಮ ಮುಂದಿನ ವರದಿಯಲ್ಲಿ ಧಾರಾಳವಾಗಿ ಸೇರಿಸಿಕೊಳ್ಳಬಹುದು.

ಶಿರಸಿಯವರಿಗೆ ಕಾಡು ತೋರಿಸಬೇಕೆಂದು ನಿಮಗೆ ಹೊಳೆದದ್ದೇ ಒಂದು ಸೋಜಿಗ. ಯಾವ ದಿಕ್ಕಿಗೆ ಹೊರಟರೂ ಅರ್ಧ ಗಂಟೆಯೊಳಗೆ ಕಾಡೇ ಅಡ್ಡ ಬರುವ ಊರು ಇದು. ಇಂಥ ಊರಿಗೆ ಅರಬೈಲ್ ಘಟ್ಟದ ಕಡೆಯಿಂದ ಹನ್ನೊಂದು ಹಸಿ ದಿಮ್ಮಿಗಳನ್ನು ಲಾರಿಯಲ್ಲಿ ಹೇರಿ ತಂದಿರಿ, ಉಪ್ಪು ಬೆಳೆಯುವ ಅಂಕೋಲೆಯವರಿಗೇ ಉಪ್ಪು ಹಂಚಲು ಹೊರಟ ಹಾಗೆ. ಕಚೇರಿಯ ಅಂಗಳದಲ್ಲಿ ಅವುಗಳನ್ನು ದುಂಡಗೆ ನಿಲ್ಲಿಸಿ, ಪಾಚಿ ಕಟ್ಟಿಸಿ, ಧ್ವನಿವರ್ಧಕದಲ್ಲಿ ಹಕ್ಕಿ ಕೂಗಿಸಿದಿರಿ. ಅದೇ ಜಾಗದಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಬೆಳೆದು ನಿಂತಿದ್ದ ತಾರೆ ಮರ ನಿಮ್ಮ ಕಾಡಿಗೆ ಅಡ್ಡವಾಗುತ್ತದೆಂದು ಕಡಿಸಿದಿರಿ. ಬೇರು ಇರುವ ಮರಕ್ಕೆ ಕಲೆಯಾಗುವ ಅರ್ಹತೆ ಇರಲಿಲ್ಲವೇನೋ. ಮೇಲೆ ಫಲಕ ತೂಗುಹಾಕಿದಿರಿ: ‘ಸ್ಪರ್ಶವನ. ಮರವನ್ನು ತಬ್ಬಿಕೊಳ್ಳಿ, ಕಾಡಿನ ಎದೆಬಡಿತ ಕೇಳಿ.’

ನಾನು ಓದಿದವಳು. ಓದಿದವರು ಫಲಕವನ್ನು ನಂಬುತ್ತಾರೆ. ನಾಲ್ಕು ವರ್ಷದ ಅಭಿಜ್ಞಾಳನ್ನು ಕರೆದುಕೊಂಡು ಬಂದೆ. ಏಳನೇ ದಿಮ್ಮಿಯ ಮೈಮೇಲೆ ಕಪ್ಪು ರಸ ಗೆರೆಗೆರೆಯಾಗಿ ಇಳಿದಿತ್ತು. ನಿಮ್ಮ ಕಲಾವಿದರು ಅದನ್ನು ‘ಅರಣ್ಯದ ಕಣ್ಣೀರು’ ಎಂದು ಕರೆದರೆಂದು ಪತ್ರಿಕೆಯಲ್ಲಿ ಓದಿದ್ದೆ. ಅಂಗಳ ಗುಡಿಸುತ್ತಿದ್ದ ನಾಗಿ ಪೊರಕೆ ಬಿಟ್ಟು ಓಡಿ ಬಂದಳು.

“ಅಮ್ಮಾ, ಕೂಸಿನ್ನ ಅದ್ರ ಹತ್ರ ಒಯ್ಬೇಡ್ರಾ.”

“ಯಾಕೆ, ಯಾವ ಮರ ಅದು?”

“ಹೆಸ್ರು ಹೇಳೂಕೆ ಆಗೂದಿಲ್ರಾ, ಅದ್ರ ಬುಡದಾಗೆ ನಿತ್ಕಂಡು. ಅದಕ್ಕೆ ಸಿಟ್ಟು ಬತ್ತದೆ.”

ನಾನು ನಕ್ಕೆ. ಆ ಮರದ ಹೆಸರನ್ನು ಅದರೆದುರು ಎತ್ತಬಾರದೆಂಬುದು ಕಾಡಿನಲ್ಲಿ ದುಡಿಯುವವರ ಹಳೆಯ ಕಟ್ಟಲೆ. ಬುಡದಿಂದ ಹತ್ತು ಮಾರು ದೂರ ಕರೆದು ಕೇಳಿದ್ದರೆ ಹೇಳುತ್ತಿದ್ದಳು. ಹತ್ತು ಮಾರು ನಡೆಯುವ ವಿನಯ ನನಗಿರಲಿಲ್ಲ. “ಮರಕ್ಕೆಂಥ ಸಿಟ್ಟು ನಾಗಿ” ಎಂದು ಮಗುವನ್ನು ಎತ್ತಿ, ಕೆನ್ನೆ ತಾಗುವ ಹಾಗೆ ಹಿಡಿದೆ. ಎದೆಬಡಿತ ಕೇಳಿಸಬೇಕಲ್ಲ.

ಸಂಜೆಗೆ ಮಗುವಿನ ಮುಖ ಬಾತು ಮಿನುಗತೊಡಗಿತು. ಅತ್ತೆ ದೇವಕಿ ಒಮ್ಮೆ ನೋಡಿದ್ದೇ ಸಾಕಾಯಿತು.

“ಇದು ಹೊಳಗೇರು ಹಾಕಿದ್ದೇ ಮಾರಾಯ್ತಿ. ಕೂಸಿನ್ನ ಯಾವ ಕಾಡಿಗೆ ಕರ್ಕಂಡು ಹೋಗಿದ್ದೆ?”

“ಕಾಡಿಗಲ್ಲ, ಆಫೀಸಿನ ಅಂಗಳಕ್ಕೆ.”

“ಅಲ್ಲಿ ಹೊಳಗೇರು ಎಂತಕ್ಕೆ ಇದ್ದು?”

“ಕಡಿದು ತಂದು ನಿಲ್ಸಿದ್ದ.”

“ಎಂತ ಮಾಡಲೆ?”

“ಅಪ್ಪಿಗಂಬಲೆ.”

ತಬ್ಬಿಕೊಳ್ಳಲಿಕ್ಕೆ ಎಂದದ್ದು ಕೇಳಿದ್ದೇ ಅತ್ತೆ ಮಗುವನ್ನು ನನ್ನ ತೋಳಿನಿಂದ ಎತ್ತಿಕೊಂಡು ಒಳಗೆ ನಡೆದರು.

ಹೊಳಗೇರು ಮರದ ಹಾಲು, ಅಂದರೆ ಆ ಕಪ್ಪು ರಸ, ತಾಗಿದರೆ ಕಾದ ಎಣ್ಣೆ ಬಿದ್ದಂತೆ ಬೊಬ್ಬೆ ಏಳುತ್ತದೆ. ಇಲ್ಲಿ ದನ ಕಾಯುವವರಿಗೂ ಇದು ಗೊತ್ತು. ನನಗೂ ಗೊತ್ತು. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದುವಾಗ ಹಾಳೆಗೆ ಅಂಟಿಸಿದ ಒಣ ಎಲೆ ನೋಡಿ ಅದರ ಲ್ಯಾಟಿನ್ ಹೆಸರು ಬರೆದು ಅಂಕ ಪಡೆದವಳು ನಾನು. ಎಲೆಯಿಲ್ಲದೆ, ಪಾಚಿ ಉಡಿಸಿ, ಸರ್ಕಾರಿ ಫಲಕದ ಕೆಳಗೆ ನಿಲ್ಲಿಸಿದರೆ ಗುರುತಿಸುವುದು ಹೇಗೆಂದು ಪಠ್ಯದಲ್ಲಿರಲಿಲ್ಲ.

ಹೊಳಗೇರು ಹಾಕಿದರೆ ತಾರೆ ಮರಕ್ಕೆ ಮೂರು ಸುತ್ತು ಬಂದು, ಅದರ ತೊಗಟೆ ತೇಯ್ದು ಹಚ್ಚುವುದು ನಮ್ಮ ಕಡೆಯ ಪದ್ಧತಿ. ಡಾಕ್ಟರ ಮುಲಾಮನ್ನೂ ಹಚ್ಚಿದೆವು, ಅತ್ತೆಯ ಮಾತನ್ನೂ ಮೀರಲಿಲ್ಲ. ನಮ್ಮ ಕೇರಿಯವರಿಗೆ ಗೊತ್ತಿದ್ದ ತಾರೆ ಮರ ಒಂದೇ. ಹೀಗಾಗಿ ಮರುದಿನ ನಿಮ್ಮ ಅಂಗಳದಲ್ಲಿ ಒಬ್ಬ ಮುದುಕಿ ಮತ್ತು ಒಬ್ಬ ಪದವೀಧರೆ, ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನೀವು ಕಡಿಸಿ ಉಳಿಸಿದ ಬೊಡ್ಡೆಯ ಸುತ್ತ ಮೂರು ಸಲ ನಡೆದರು. ನಿಮ್ಮ ಕೋಣೆಯ ಕಿಟಕಿಯಿಂದ ನೀವು ನೋಡುತ್ತಿದ್ದಿರಿ. ಅದನ್ನೂ ಕಲಾಕೃತಿಯ ಭಾಗವೆಂದು ತಿಳಿದಿರೋ ಏನೋ.

ನನ್ನ ದೂರಿಗೆ ನಿಮ್ಮ ಉತ್ತರ ಬಂದಿದೆ. ‘ಸದರಿ ಮರವು ಕಲಾಕೃತಿಯಾಗಿ ಪರಿವರ್ತನೆಗೊಂಡಿರುವುದರಿಂದ ಅದರ ಜಾತಿಯನ್ನು ಪರಿಶೀಲಿಸುವ ಪ್ರಮೇಯ ಉದ್ಭವಿಸುವುದಿಲ್ಲ. ಮಗುವಿನ ಚರ್ಮವು ಸೂಕ್ಷ್ಮವಿರಬಹುದು.’ ಹೌದು, ಸೂಕ್ಷ್ಮವೇ. ಹುಟ್ಟಿ ನಾಲ್ಕೇ ವರ್ಷವಾಗಿದೆ, ನಿಮ್ಮಷ್ಟು ದಪ್ಪವಾಗಲು ಇನ್ನೂ ಕಾಲವಿದೆ.

ನಿಮಗೆ ಗೊತ್ತಿರಲಿಲ್ಲವೆಂದು ಹನ್ನೊಂದು ದಿನ ನಂಬಿದ್ದೆ. ನಿನ್ನೆ ನಿಮ್ಮ ಗುಮಾಸ್ತರೊಬ್ಬರು ಮನೆಗೆ ಬಂದು ಕೂತರು. ಹೆಸರು ಬರೆಯುವುದಿಲ್ಲ. ಲಾರಿಯಿಂದ ದಿಮ್ಮಿ ಇಳಿಸಿದ ದಿನ ನಾಗಿಯ ಗಂಡ ಬೈರ ನಿಮ್ಮನ್ನು ಗೇಟಿನ ಆಚೆಗೆ ಕರೆದು, ಹೆಸರು ಹಿಡಿದೇ ಹೇಳಿದನಂತೆ. “ಸಾಹೇಬ್ರೆ, ಏಳನೇದು ಹೊಳಗೇರು. ಇದೊಂದು ಬೇಡ್ರಾ.” ನೀವು ಅಂದಿರಂತೆ: “ಕಪ್ಪು ಬಣ್ಣ ಚೆನ್ನಾಗಿದೆ, ಇರಲಿ. ನೀನು ನಾಳೆಯಿಂದ ಬರಬೇಡ.” ನನ್ನ ದೂರು ಬಂದ ಮೇಲೆ ನಾಗಿಯನ್ನೂ ಕೆಲಸದಿಂದ ಬಿಡಿಸಿದ್ದೀರಿ. ಆದ್ದರಿಂದ ಅವರಿಬ್ಬರ ಹೆಸರನ್ನು ಇಲ್ಲಿ ಬರೆಯಲು ನನಗೆ ಅಂಜಿಕೆಯಿಲ್ಲ. ಅವರಿಂದ ಕಿತ್ತುಕೊಳ್ಳಲು ನಿಮ್ಮ ಬಳಿ ಇನ್ನೇನೂ ಉಳಿದಿಲ್ಲ.

ಗುಮಾಸ್ತರು ಹೋದ ಮೇಲೆ ಉದ್ಘಾಟನೆಯ ದಿನದ ಪತ್ರಿಕೆ ಹುಡುಕಿ ತೆಗೆದೆ. ನೀವು ಏಳನೇ ಮರವನ್ನು ತಬ್ಬಿ ನಗುತ್ತಿರುವ ಚಿತ್ರ. ನಿದ್ದೆಯಿಲ್ಲದವಳಿಗೆ ದಿಟ್ಟಿಸಿ ನೋಡಲು ಬೇಕಾದಷ್ಟು ಹೊತ್ತು. ನಿಮ್ಮ ಅಂಗೈಗೂ ತೊಗಟೆಗೂ ನಡುವೆ ಬೆಳಕು ಕಾಣುತ್ತದೆ. ಕೆನ್ನೆಗೂ ತೊಗಟೆಗೂ ನಡುವೆಯೂ. ಒಂದು ಬೆರಳಿನ ಅಂತರ. ಎಷ್ಟು ನಾಜೂಕಿನ ಅಪ್ಪುಗೆ. ಇಡೀ ಸ್ಪರ್ಶವನದಲ್ಲಿ ನಿಜವಾದ ಕಲಾವಿದರು ನೀವೊಬ್ಬರೇ.

ಮಗಳ ಕಣ್ಣಿನ ಬಗ್ಗೆ ಡಾಕ್ಟರು “ನೋಡುವಾ” ಅನ್ನುತ್ತಾರೆ. ಅವಳು ತುರಿಸಿಕೊಳ್ಳದಂತೆ ಎರಡೂ ಕೈಗೆ ಬಟ್ಟೆ ಸುತ್ತಿದ್ದೇನೆ. ಎತ್ತಿಕೊಳ್ಳಲು ಹೋದರೆ ಗೋಡೆಗೆ ಸರಿಯುತ್ತಾಳೆ. ನಿನ್ನೆ ಕೇಳಿದಳು, “ಆಯಿ, ನೀನೇ ಅಲ್ದ ಎನ್ನ ಹಿಡದಿದ್ದು?” ಈ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ನಾನೇ. ಅದನ್ನು ನಿಮಗೆ ವರ್ಗಾಯಿಸುತ್ತಿಲ್ಲ.

ಜೂನ್ ಐದರ ಪರಿಸರ ದಿನದಂದು ಒಂದನೇ ತರಗತಿಯ ನಲವತ್ತು ಮಕ್ಕಳನ್ನು ಸ್ಪರ್ಶವನಕ್ಕೆ ಕರೆತರುವ ಸುತ್ತೋಲೆ ಹೊರಟಿದೆಯಂತೆ. ಹನ್ನೊಂದೂ ದಿಮ್ಮಿಗಳನ್ನು ಅದಕ್ಕೆ ಮೊದಲು ತೆಗೆಸಿ. ಬೈರನನ್ನೂ ನಾಗಿಯನ್ನೂ ಮರಳಿ ಕರೆದು, ಎಲ್ಲಿ ಹೇಗೆ ಹಿಡಿಯಬೇಕೆಂದು ಅವರನ್ನೇ ಕೇಳಿ. ತೆಗೆಸುವುದಿಲ್ಲವೆಂದರೆ ಆ ದಿನ ಹತ್ತು ಗಂಟೆಗೆ, ಮಕ್ಕಳು ಗೇಟಿನ ಆಚೆಗಿರುವಾಗಲೇ, ಅಂಗಿ ಕಳಚಿ ಏಳನೇ ಮರವನ್ನು ತಬ್ಬಿಕೊಳ್ಳಿ. ಈ ಸಲ ನಡುವೆ ಬೆಳಕು ಕಾಣಬಾರದು. ನೂರು ಎಣಿಸುವವರೆಗೆ ಹಾಗೇ ಇರಿ. ಎಣಿಸಲು ನಾನು ಬರುತ್ತೇನೆ, ಒಂದು ಅಂಕಿಯೂ ತಪ್ಪುವುದಿಲ್ಲ. ಸಂಜೆಗೆ ಮುಖ ಬಾತಾಗ ಗಾಬರಿಯಾಗಬೇಡಿ. ಅಂಗಳದಲ್ಲಿ ಬೊಡ್ಡೆ ಇದೆ. ಸುತ್ತು ಬರುವಾಗ ದಾರಿ ಕಾಣದಿದ್ದರೆ ನಾಗಿ ನಿಮ್ಮ ಕೈ ಹಿಡಿಯುತ್ತಾಳೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಇಂತಿ,
ಹತ್ತು ಮಾರು ನಡೆಯದ ಒಬ್ಬ ಸಸ್ಯಶಾಸ್ತ್ರ ಪದವೀಧರೆ
ಶಿರಸಿ, ಮೇ ೨೮, ೨೦೦೩