ಹಂಪಮ್ಮನವರ ಬಾಗಿಲ ಮೇಲಿನ ಪದ

ಗಂಗಾವತಿ, ಫೆಬ್ರವರಿ ೩೦, ೨೩೮೭

ಹಿಂದಿನ ಕಾಲದ ಓದುಗರೇ,

ತಾರೀಖು ತಪ್ಪಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಉಳಿದ ಐದು ದಿನ ರಜೆ. ಕೆಲವು ಮಾತು ವಿಚಿತ್ರ ಎನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದು ಹಿಂದೋಲೆ, ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಉತ್ತರ ತರುವ ಅಂಚೆ ಇನ್ನೂ ಹುಟ್ಟಿಲ್ಲ.

ನಾನು ಶರಭಣ್ಣ, ಪದಕಚೇರಿಯ ಗುಮಾಸ್ತ. ನಮ್ಮೂರಿನಲ್ಲಿ ಎಪ್ಪತ್ತು ದಾಟಿದವರ ಬಾಗಿಲ ಮೇಲೆ ಹೆಸರಿನ ಕೆಳಗೆ ಒಂದೇ ಒಂದು ಪದ ಕೆತ್ತುತ್ತೇವೆ: ನೇಕಾರ, ಸೂಲಗಿತ್ತಿ, ಈಜುಗಾರ. ಕೇಳಿದವರು ಆ ಪದಕ್ಕೆ ತಕ್ಕವರೇ ಎಂದು ನೋಡುವುದು ನನ್ನ ಕೆಲಸ.

ಕಳೆದ ವಾರ ಎಂಬತ್ತಾರು ವರ್ಷದ ಹಂಪಮ್ಮನವರು 'ಬರಹಗಾರ್ತಿ' ಎಂಬ ಪದ ಕೇಳಿಕೊಂಡು ಬಂದರು. ನಮ್ಮ ಕಾಲದಲ್ಲಿ ಬರಹಗಾರ ಎಂದರೆ ಬರೆದುಕೊಡುವ ಯಂತ್ರವಾದ ನುಡಿಗಿರಣಿಗೆ ಹೋಗಿ, ಬೇಕಾದ ಕಥೆ ಹೇಳಿ, ಬೀಸಿಸಿಕೊಂಡು ಬರುವವರು. ನೀವು ಜೋಳದ ಡಬ್ಬಿ ಹೊತ್ತು ಹಿಟ್ಟಿನ ಗಿರಣಿಗೆ ಹೋಗುತ್ತಿದ್ದಿರಂತಲ್ಲ, ಹಾಗೆ. ಹಾಳೆ ನುಣ್ಣಗೆ ಬರುತ್ತದೆ, ಒಂದಕ್ಷರ ತಪ್ಪಿರುವುದಿಲ್ಲ. ಹಂಪಮ್ಮನವರ ಗಂಟಿನಲ್ಲಿ ಇದ್ದದ್ದೆಲ್ಲ ಕೈಬರಹ. ಸಾಲಿಗೊಂದು ಗೀಟು, ಅಂಚಿನ ತುಂಬ ಬಾಣದ ಗುರುತು. ಒಂದು ಪುಟದಲ್ಲಿ ತಾಯಿ ಸತ್ತ ದಿನದ ಬಗ್ಗೆ ಹನ್ನೊಂದು ಸಲ ಬರೆದು ಹನ್ನೊಂದು ಸಲ ಹೊಡೆದು, ಕೊನೆಗೆ 'ಅವತ್ತು ಒಲೆ ಹಚ್ಚಲಿಲ್ಲ' ಎಂದಷ್ಟೇ ಉಳಿಸಿದ್ದರು. ಇಷ್ಟು ತಪ್ಪು ಮಾಡುವವರಿಗೆ ಬರೆಯಲು ಬರುವುದಿಲ್ಲವೆಂದು ನಾನು ಅರ್ಜಿ ತಳ್ಳಿಹಾಕಿದೆ. ಅವರು ಜಗಳಕ್ಕೆ ಬರಲಿಲ್ಲ. ಗಂಟು ಕಟ್ಟುತ್ತ ಒಂದೇ ಮಾತು ಕೇಳಿದರು.

"ತಮ್ಮಾ, ಹೊಡೆದು ಹಾಕಿದ್ದೂ ನಾನೇ ಬರದದ್ದು ಅಲ್ಲೇನು?"

ಆ ಮಾತು ನನ್ನನ್ನು ಬಿಡಲಿಲ್ಲ. ಕಚೇರಿಯ ನೆಲಮಾಳಿಗೆಗೆ ಇಳಿದು, ನಿಮ್ಮ ಕಾಲದ ಕಾಗದಪತ್ರ ಕೂಡಿಟ್ಟ ಪೆಟ್ಟಿಗೆ ತೆರೆದೆ. ಅಚ್ಚಾದ ಪುಸ್ತಕಗಳು ಬೇಕಾದಷ್ಟಿದ್ದವು, ಎಲ್ಲವೂ ನುಣ್ಣಗೆ. ಕರಡು ಒಂದೂ ಇಲ್ಲ. ಹಾಗಾದರೆ ನೀವು ಬರಹಗಾರ ಎಂದು ಕರೆದದ್ದು ಯಾರನ್ನು? ಪುಸ್ತಕದ ಮೇಲೆ ಹೆಸರಿದ್ದವರನ್ನು ಮಾತ್ರವೇ? ಅಚ್ಚಾಗದಿದ್ದರೂ ಕೂತು ಗೀಟು ಹಾಕುತ್ತಿದ್ದವರನ್ನೂ ಹಾಗೆ ಕರೆದಿರಾ? ಮನೆಯವರು ಆ ಪದ ಹೇಳುವಾಗ ನಗುತ್ತಿದ್ದರೇ? ನನಗೆ ನಿಜವಾಗಿಯೂ ಗೊತ್ತಿಲ್ಲ, ತಿಳಿಯುವ ಆಸೆ ತಡೆಯಲಾಗುತ್ತಿಲ್ಲ.

ಗುರುವಾರ ಹಂಪಮ್ಮನವರ ಅರ್ಜಿಯ ಮರುವಿಚಾರಣೆ. ತಪ್ಪು ನನ್ನದೇ ಎಂದು ಹೇಳಲು ನಾನು ಸಿದ್ಧ, ಆದರೆ ನಿಮ್ಮ ಬರಹಗಾರರೂ ಹೀಗೆ ಹೊಡೆದು ಹೊಡೆದು ಬರೆಯುತ್ತಿದ್ದರು ಎಂಬುದಕ್ಕೆ ಕಚೇರಿಗೆ ಸಾಕ್ಷಿ ಬೇಕು. ದಯವಿಟ್ಟು ನಿಮ್ಮ ಕರಡುಗಳನ್ನು ರದ್ದಿಗೆ ಹಾಕಬೇಡಿ. ಗೀಟು ಹಾಕಿದ ಒಂದು ಹಾಳೆಯನ್ನಾದರೂ ಯಾವುದಾದರೂ ಪುಸ್ತಕದ ನಡುವೆ ಇಟ್ಟುಬಿಡಿ. ಬುಧವಾರ ನಾನು ಆ ಪೆಟ್ಟಿಗೆಯನ್ನು ಮತ್ತೆ ತೆರೆದು ನೋಡುತ್ತೇನೆ.

ಈ ಓಲೆಯನ್ನು ಗಿರಣಿಗೆ ಕೊಡದೆ ಕೈಯಾರೆ ಬರೆದಿದ್ದೇನೆ. ಒಂಬತ್ತು ಸಾಲು ಹೊಡೆದಿದ್ದೇನೆ. ಹಾಳೆ ಗಲೀಜಾಯಿತೆಂದು ಕ್ಷಮೆ ಕೇಳುವ ಸಾಲೂ ಒಂದಿತ್ತು, ಅದನ್ನೂ ಹೊಡೆದೆ.

ಇಂತಿ,
ಶರಭಣ್ಣ