ಹಳೆಯದಕ್ಕೆ ಕೂರುವ ಮೆಮರಿ

ನಾಶಿಕ್, ಆಗಸ್ಟ್ ೯, ಶನಿವಾರ

ಸಕಲ ಲೋಕಕ್ಕೂ ತಿಳಿಯಪಡಿಸುವುದೇನೆಂದರೆ, ನಮ್ಮ ಮನೆಯ ಹಳೆಯ ಡೆಸ್ಕ್‌ಟಾಪ್ ಮಹಾಶಯರು ಇಂದು ಹೊಸ ಮೆಮರಿಯನ್ನು ಸ್ವೀಕರಿಸಲು ಖಡಾಖಂಡಿತವಾಗಿ ನಿರಾಕರಿಸಿದರು. ಸಂಭಾಜಿನಗರದಿಂದ ತರಿಸಿದ ಮೆಮರಿ ಪಟ್ಟಿಯ ಕಚ್ಚು ಒಂದು ಕಡೆ, ಅದು ಕೂರಬೇಕಾದ ಬೋರ್ಡಿನ ಉಬ್ಬು ಇನ್ನೊಂದು ಕಡೆ. ಒತ್ತಿದೆ, ಬೈದೆ, ಕೈಮುಗಿದೆ. ಕೊನೆಗೆ ಹೊತ್ತುಕೊಂಡು ಹೋದೆ. ರಿಪೇರಿ ಅಂಗಡಿಯ ಸೋನವಣೆ ನಕ್ಕ.

“ಕಾಕಾ, ನವೀ ಬಸಣಾರ್ ನಾಹೀ. ಜುನ್ಯಾಲಾ ಜುನೀಚ್ ಲಾಗತೇ.”

ಹೊಸದು ಕೂರುವುದಿಲ್ಲವಂತೆ, ಹಳೆಯದಕ್ಕೆ ಹಳೆಯದೇ ಬೇಕಂತೆ. ಗುಜರಿ ಡಬ್ಬಿಯಿಂದ ಒಂದನ್ನು ಹೆಕ್ಕಿ ಕೂರಿಸಿದ. ಟಕ್ ಎಂದಿತು.

ಮನೆಗೆ ಬಂದರೆ ಅವ್ವ ನನ್ನ ಹೆಂಡತಿ ಲತಾಳನ್ನು ಕೇಳುತ್ತಿದ್ದಳು: “ಗಂಗೂ, ಭಾಲ್ಕಿ ಬಸ್ ಬಂತೇನ?” ಭಾಲ್ಕಿ ಅವ್ವನ ತವರು; ಗಂಗೂ ಅವ್ವನ ತಂಗಿ, ತೀರಿಹೋಗಿ ಬಹಳ ಕಾಲವಾಯಿತು. ಎಂದಿನಂತೆ ತಿದ್ದಿದೆ.

“ಅವ್ವಾ, ಇಕಿ ಲತಾ, ನಿನ್ನ ಸೊಸಿ. ಇದು ನಾಶಿಕ್.”

ಅವ್ವ ಅಪರಿಚಿತರ ಮನೆಯಲ್ಲಿ ಸಿಕ್ಕಿಬಿದ್ದವಳಂತೆ ಸೆರಗು ಬಿಗಿಹಿಡಿದಳು. ಇಷ್ಟು ದಿನ ಅವಳಿಗೂ ನಾನು ಒತ್ತುತ್ತಿರುವುದು ಹೊಸ ಪಟ್ಟಿಯನ್ನೇ.

ಲತಾ, ನೀನು ಈ ಡೈರಿಯನ್ನು ಕದ್ದು ಓದುತ್ತೀ ಎಂದು ಬಲ್ಲೆ. ನಾಳೆ ಅವ್ವ ಗಂಗೂ ಎಂದು ಕರೆದರೆ ಒಮ್ಮೆ “ಹೂಂ ಅಕ್ಕಾ” ಅನ್ನು. ಬಸ್ ಇನ್ನೂ ಬಂದಿಲ್ಲ, ಚಹಾ ಕುಡಿಯೋಣ ಬಾ ಅನ್ನು.