ಎರಡನೇ ಶೆಡ್ಡಿನ ಕೋಳಿಗಳನ್ನು ಕೊಲ್ಲುವ ಮುನ್ನ

ಮಾನ್ಯ ಕುಕ್ಕುಟ ಅಭಿವೃದ್ಧಿ ಅಧಿಕಾರಿಗಳೇ,

ನಿಮ್ಮ ಸಲಹೆ ಕೇಳಿದ್ದಕ್ಕೆ ನಮ್ಮ ಮೊದಲನೇ ಶೆಡ್ಡಿನ ಬ್ರಾಯ್ಲರ್ ಕೋಳಿಗಳು ಕುರುಡಾದವು. ಕುರುಡಾಗಿ ಒಂದನ್ನೊಂದು ಕುಕ್ಕಿ ಹರಿದುಕೊಂಡವು. ಉಳಿದವುಗಳ ಕತ್ತನ್ನು ನಿಮ್ಮ ಆಳುಗಳು ಮುರಿದರು. ಈಗ ಎರಡನೇ ಶೆಡ್ಡಿನಲ್ಲಿ ಗರಿ ಕೊಡವಿಕೊಂಡು ಓಡಾಡುತ್ತಿರುವ ಕೋಳಿಗಳನ್ನೂ ಕೊಲ್ಲಬೇಕೆಂದು ಆದೇಶ ಹೊರಡಿಸಿದ್ದೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರ ಬಗ್ಗೆ ಕೇಳಿದ್ದೆ. ಎಮ್ಮೆಯ ಕತ್ತನ್ನೇ ಕೊಯ್ಯುವವರನ್ನು ಈಗ ನೋಡುತ್ತಿದ್ದೇನೆ.

ನೀವು ಕೊಟ್ಟ ಎಣ್ಣೆಯ ಮೇಲೆ ನನಗೆ ಹಗೆಯಿಲ್ಲ. ಆ್ಯಂಟಿಬಯಾಟಿಕ್ ಬಿಡಿ, ಕುಡಿಯುವ ನೀರಿಗೆ ಲವಂಗ, ನೀಲಗಿರಿಯ ತೈಲ ಬೆರೆಸಿ ಎಂದು ನೀವು ಹೇಳಿದಾಗ ಮನೆಯವರೆಲ್ಲ ತಲೆಯಾಡಿಸಿದೆವು. ಕೋಳಿಗಳು ಚೆನ್ನಾಗಿಯೇ ತಿಂದವು, ಭೇದಿಯೂ ನಿಂತಿತು. ಅಷ್ಟಕ್ಕೇ ಬಿಟ್ಟಿದ್ದರೆ ನಿಮ್ಮನ್ನು ಹೊಗಳಿಕೊಂಡು ತಿರುಗುತ್ತಿದ್ದೆ. ಆದರೆ ಗೆದ್ದ ಉತ್ಸಾಹದಲ್ಲಿ ಅದನ್ನೇ ಶೆಡ್ಡಿನೊಳಗೆಲ್ಲ ಸಿಂಪಡಿಸಿ ಎಂದಿರಿ.

ಕೋಳಿ ಸಾಕುವವರಿಗೆ ಮೂಗೇ ಮಾಪಕ. ಬೆಳಿಗ್ಗೆ ಎದ್ದವರೇ ಶೆಡ್ಡಿನಲ್ಲಿ ಮಂಡಿಯೂರಿ, ಕೋಳಿಯ ಎತ್ತರಕ್ಕೆ ತಲೆ ತಗ್ಗಿಸಿ ಉಸಿರೆಳೆಯುತ್ತೇವೆ. ಹಿಕ್ಕೆಯಿಂದ ನೆನೆದ ಹಾಸುಹೊಟ್ಟಿನಲ್ಲಿ ಅಮೋನಿಯಾದ ಘಾಟು ಎದ್ದಿದ್ದರೆ ಗಾಳಿಯಾಡಲು ಪಕ್ಕದ ಪರದೆ ಎತ್ತುತ್ತೇವೆ, ಹೊಟ್ಟು ತಿರುವುತ್ತೇವೆ. ಸಿಂಪಡಿಸಿದ ಮೇಲೆ ಮೂಗಿಗೆ ಬಂದದ್ದು ಬರೀ ಲವಂಗ. ಚಳಿ ಬೇರೆ, ಪರದೆಗಳನ್ನು ಇಳಿಸಿಯೇ ಇಟ್ಟಿದ್ದೆವು. "ಸರ್, ಒಳಗೆ ಹೋದ್ರೆ ಕಣ್ಣು ಉರೀತಿದೆ" ಎಂದ ನನ್ನ ಅಣ್ಣನಿಗೆ ನೀವೇನು ಹೇಳಿದಿರಿ? "ಎಣ್ಣೆ ಖಾರ ಕಣ್ರೀ, ಮೊದಮೊದಲು ಹಾಗೇ. ವಾಸನೆ ಇಲ್ಲ ತಾನೇ? ಮತ್ತೆ ಹೊಟ್ಟು ಯಾಕೆ ತಿರುವ್ತೀರಾ?" ಘಾಟು ಎಲ್ಲೂ ಹೋಗಿರಲಿಲ್ಲ ಸ್ವಾಮಿ. ಲವಂಗದ ಹಿಂದೆ ಅವಿತು ಕೂತು ಕೋಳಿಗಳ ಕಣ್ಣು ಸುಡುತ್ತಿತ್ತು.

ನಂತರದ್ದನ್ನು ನೀವು ಕಾರಿನ ಗಾಜು ಇಳಿಸದೆ ನೋಡಿದಿರಿ. ನಾನು ಹತ್ತಿರದಿಂದ ಕಂಡದ್ದನ್ನು ಹೇಳುತ್ತೇನೆ. ರೆಪ್ಪೆಗಳು ಕೀವಿನಿಂದ ಅಂಟಿಕೊಂಡಿದ್ದವು. ನೀರು ಹುಡುಕುತ್ತಾ ಕಂಬಕ್ಕೆ, ಗೋಡೆಗೆ, ಒಂದಕ್ಕೊಂದು ಬಡಿದುಕೊಂಡವು. ರಕ್ತ ಜಿನುಗಿದ ಕಡೆಗೆಲ್ಲ ಅರೆಬರೆ ಕಣ್ಣು ಕಾಣುವವು ಮುಗಿಬಿದ್ದು ಕುಕ್ಕಿದವು. ಬದುಕಿದ್ದ ಕೋಳಿಯ ಕರುಳನ್ನು ಇನ್ನೊಂದು ಎಳೆದುಕೊಂಡು ಓಡಿತು. ಆಮೇಲೆ ನಿಮ್ಮ ಆಳುಗಳು ಬಂದರು. ಕತ್ತು ಮುರಿದು ಮುರಿದು ಕೈ ಸೋತಾಗ ಜೀವಂತ ಕೋಳಿಗಳನ್ನೇ ಚೀಲಕ್ಕೆ ತುಂಬಿ, ಚೀಲವನ್ನು ಗೋಡೆಗೆ ಅಪ್ಪಳಿಸಿದರು. ಒಳಗಿನ ಕೂಗು ನಿಲ್ಲುವವರೆಗೂ ಅಪ್ಪಳಿಸಿದರು. ಅಣ್ಣ ಸಲಿಕೆಯ ಹಿಡಿಯಿಂದ ಅವರಲ್ಲೊಬ್ಬನ ದವಡೆ ಮುರಿದ. ಅಣ್ಣ ಈಗ ಲಾಕಪ್ಪಿನಲ್ಲಿದ್ದಾನೆ. ಅವನು ಮಾಡಿದ್ದು ಸರಿಯೆಂದು ವಾದಿಸುವುದಿಲ್ಲ; ಸಲಿಕೆ ನನ್ನ ಕೈಗೆ ಸಿಕ್ಕಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಕೋಳಿಗಳ ಕಣ್ಣು ಕಳೆದದ್ದು ಅಂಟುರೋಗ ಎಂಬುದು ನಿಮ್ಮ ತೀರ್ಪು. ಹಾಗಿದ್ದರೆ ಒಂದೇ ಗೋಡೆಯಾಚೆ, ಅದೇ ತಂಡದ ಮರಿಗಳಿಗೆ, ಅದೇ ಮೇವು ತಿಂದವಕ್ಕೆ ಅದು ಯಾಕೆ ಅಂಟಲಿಲ್ಲ? ನೀವು ಕೊಟ್ಟ ಎಣ್ಣೆಯ ಕ್ಯಾನು ಎರಡು ಶೆಡ್ಡಿಗೆ ಸಾಲದೆ ಅಲ್ಲಿ ಸಿಂಪಡಿಸಲಿಲ್ಲ, ಅಷ್ಟೇ ವ್ಯತ್ಯಾಸ. ಆ ಕೋಳಿಗಳು ಬದುಕಿರುವವರೆಗೂ ನಿಮ್ಮ ರೋಗ ಸುಳ್ಳಾಗುತ್ತದೆ. ಸಾಕ್ಷಿಯ ಕತ್ತು ಮುರಿಯುವುದಕ್ಕೆ 'ರೋಗ ನಿಯಂತ್ರಣ' ಎಂದು ಹೆಸರಿಟ್ಟ ನಿಮ್ಮ ಜಾಣತನವನ್ನು ಮೆಚ್ಚಲೇಬೇಕು! ಅತ್ತಿಗೆ ಈಗ ಎರಡನೇ ಶೆಡ್ಡಿನ ಬಾಗಿಲಿಗೆ ಅಡ್ಡ ಕೂತಿದ್ದಾರೆ. "ಗಂಡನ್ನ ಒಳಗೆ ಹಾಕಿದ್ರು. ಇನ್ನು ಇವನ್ನ ಮುಟ್ಟೋಕೆ ಬರ್ಲಿ, ಆ ಕೈ ವಾಪಸ್ ಹೋಗಲ್ಲ" ಎನ್ನುತ್ತಾರೆ. ಅವರು ಬಾಯಿಮಾತಿಗೆ ಏನನ್ನೂ ಹೇಳುವವರಲ್ಲ.

ಆದ್ದರಿಂದ ಇನ್ನೊಬ್ಬನ ದವಡೆ ಮುರಿಯುವ ಮೊದಲು ಆದೇಶವನ್ನು ಹಿಂತೆಗೆದುಕೊಳ್ಳಿ. ಮನಸ್ಸಾಗದಿದ್ದರೆ ಮೊದಲನೇ ಶೆಡ್ಡಿಗೆ ಬನ್ನಿ. ಹೊಟ್ಟು ಹಾಗೇ ಬಿದ್ದಿದೆ. ಪರದೆ ಇಳಿಸಿ, ನಿಮ್ಮ ಎಣ್ಣೆ ಸಿಂಪಡಿಸಿ, ನೆಲಕ್ಕೆ ಮುಖವಿಟ್ಟು ಕಣ್ಣು ಬಿಟ್ಟುಕೊಂಡು ಮಲಗಿ. ಎದ್ದು ಬಂದ ಮೇಲೂ ಕೊಲ್ಲಲೇಬೇಕೆನಿಸಿದರೆ ಆಳುಗಳನ್ನು ಕಳಿಸಬೇಡಿ. ಮೊದಲ ಕೋಳಿಯ ಕತ್ತನ್ನು ನೀವೇ ಹಿಡಿಯಿರಿ. ಮುರಿಯುವವರೆಗೂ ಅದು ನಿಮ್ಮನ್ನೇ ನೋಡುತ್ತಿರುತ್ತದೆ. ಅದಕ್ಕೆ ಕಣ್ಣು ಕಾಣುತ್ತದೆ.

ಇಂತಿ,
ಮೂಗೊಂದನ್ನೇ ನಂಬಿ ಕೆಟ್ಟ
ಮೊದಲನೇ ಶೆಡ್ಡಿನವನು